ಉಪ್ಪುಗುಡ್ಡದಲ್ಲಿ ಕೆಲಸ ನಿಂತಾಗ

ಒಂದು ಕಾಡಿನ ನಟ್ಟನಡುವೆ ಉಪ್ಪುಮಣ್ಣಿನ ಗುಡ್ಡವಿತ್ತು. ಆ ಗುಡ್ಡದ ಬುಡದಲ್ಲಿ ಬಿಲ ತೋಡಿಕೊಂಡು ಚಿಪ್ಪವ್ವ ಎಂಬ ಚಿಪ್ಪುಹಂದಿ ವಾಸವಾಗಿದ್ದಳು. ಮೈತುಂಬ ಗಟ್ಟಿ ಚಿಪ್ಪು, ಮಣ್ಣು ಬಗೆಯಲು ಹೇಳಿ ಮಾಡಿಸಿದಂಥ ಉಗುರು. ಸ್ವಭಾವ ಮಾತ್ರ ಬಲು ಮೆತ್ತಗೆ. ಯಾರಾದರೂ ದನಿ ಎತ್ತಿದರೆ ಸಾಕು, ಚೆಂಡಿನ ಹಾಗೆ ಮೈ ಸುತ್ತಿಕೊಂಡು ಬಿಡುತ್ತಿದ್ದಳು. ಅವಳಿಗೆ ಸುರುಳಿ ಎಂಬ ಪುಟ್ಟ ಮಗಳಿದ್ದಳು. ತಾಯಿ ಎಲ್ಲಿಗೆ ಹೋದರೂ ಮಗಳು ಅವಳ ಬಾಲದ ಮೇಲೆ ಕೂತು ಸವಾರಿ ಮಾಡುತ್ತಿದ್ದಳು.

ಆ ಗುಡ್ಡ ಮೊದಲು ಎಲ್ಲರದಾಗಿತ್ತು. ಬೇಸಿಗೆ ಬಂತೆಂದರೆ ಜಿಂಕೆ, ಕಡವೆ, ಕಾಟಿ ಎಂಬ ಕಾಡುಕೋಣ, ಮುಸುವ ಎಲ್ಲ ಬಂದು ಉಪ್ಪುಮಣ್ಣು ನೆಕ್ಕಿ, ಹಳ್ಳದಲ್ಲಿ ನೀರು ಕುಡಿದು ಹೋಗುತ್ತಿದ್ದವು. ಯಾರೂ ಯಾರ ಅಪ್ಪಣೆಯನ್ನೂ ಕೇಳುತ್ತಿರಲಿಲ್ಲ.

ಒಂದು ವರ್ಷ ಭಾರಿ ಮಳೆಯಾಯಿತು. ಗುಡ್ಡದ ತಲೆ ಜರಿದು ಬಿದ್ದು ಉಪ್ಪಿನ ಜಾಗವೆಲ್ಲ ಮುಚ್ಚಿಹೋಯಿತು. ಉಪ್ಪು ಬೇಕೆಂದರೆ ಇನ್ನು ಗುಡ್ಡದ ಹೊಟ್ಟೆಯನ್ನೇ ಕೊರೆಯಬೇಕು. ಪ್ರಾಣಿಗಳೆಲ್ಲ ಏನು ಮಾಡುವುದೆಂದು ತಲೆ ಕೆರೆದುಕೊಳ್ಳುತ್ತಿರುವಾಗ ನಾಜೂಕಯ್ಯ ಎಂಬ ನರಿ ಬಂದ. ಅವನ ಹಿಂದೆ ಕತ್ತೆಕಿರುಬಗಳ ಗುಂಪೇ ಇತ್ತು.

“ಅಯ್ಯೋ, ನನ್ನ ಬಂಧುಗಳೇ!” ಎಂದ ನಾಜೂಕಯ್ಯ. “ಉಪ್ಪಿಲ್ಲದೆ ನೀವು ಸೊರಗುವುದನ್ನು ನಾನು ನೋಡಲಾರೆ. ಈ ಗುಡ್ಡದ ಉಸ್ತುವಾರಿಯನ್ನು ನಾನು ಹೊತ್ತುಕೊಳ್ಳುತ್ತೇನೆ. ನೀವು ಅಗೆಯಿರಿ ಸಾಕು. ನಿಮ್ಮ ಹೊಟ್ಟೆ, ನಿಮ್ಮ ಮಕ್ಕಳ ಹೊಟ್ಟೆ ನನಗೆ ಬಿಡಿ.”

ಮಾತು ಜೇನಿನಂತಿತ್ತು. ಎಲ್ಲರೂ ತಲೆದೂಗಿದರು. ಮರುದಿನವೇ ಕತ್ತೆಕಿರುಬಗಳು ಗುಡ್ಡದ ಸುತ್ತ ಮುಳ್ಳುಬೇಲಿ ಹಾಕಿದವು. ಬೇಲಿಯ ಒಳಗೆ ಗೆಡ್ಡೆಗೆಣಸಿನ ಜಾಗ ಹೋಯಿತು, ಹಣ್ಣಿನ ಮರಗಳು ಹೋದವು, ಚಿಪ್ಪವ್ವ ಗೆದ್ದಲು ತಿನ್ನುತ್ತಿದ್ದ ಹುತ್ತಗಳೂ ಹೋದವು. ಇನ್ನು ಗುಡ್ಡದಲ್ಲಿ ದುಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೀಗೆ ಕೆಲಸ ಶುರುವಾಯಿತು. ಸೂರ್ಯ ಹುಟ್ಟುವ ಮೊದಲೇ ಕಾವಲಿಗೆ ನಿಂತ ಕತ್ತೆಕಿರುಬಗಳ ಮುಖಂಡ ಗುರ್ರಪ್ಪ ಟೊಳ್ಳು ಮರದ ದಿಮ್ಮಿಯನ್ನು ಧಡಧಡ ಬಡಿಯುತ್ತಿದ್ದ. ಆ ಸದ್ದು ಕೇಳಿದ ಕೂಡಲೇ ಎಲ್ಲರೂ ಎದ್ದು ಓಡಬೇಕು. ಕಾಡುಹಂದಿಗಳು ಸುರಂಗ ಕೊರೆಯುತ್ತಿದ್ದವು. ಮುಳ್ಳುಹಂದಿಗಳು ಅಡ್ಡ ಬಂದ ಬೇರುಗಳನ್ನು ಕಡಿಯುತ್ತಿದ್ದವು. ಮೊಲಗಳು ಮಣ್ಣನ್ನು ಹೊರಗೆ ತಳ್ಳುತ್ತಿದ್ದವು. ಬಂಡೆಯ ಸಂದಿಯಲ್ಲಿ ಉಪ್ಪಿನ ಪದರ ಕಂಡರೆ ಅಲ್ಲಿಗೆ ಚಿಪ್ಪವ್ವ ಹೋಗಬೇಕು. ಚುಕ್ಕಿ ಮೂಡಿದ ಮೇಲೆಯೇ ಬಿಡುಗಡೆ.

ದೂರದ ಕಾಡುಗಳಿಂದ ಉಪ್ಪಿಗಾಗಿ ಬರುವ ಪ್ರಾಣಿಗಳು ಕೈ ಬೀಸಿಕೊಂಡು ಬರುವಂತಿರಲಿಲ್ಲ. ಕರಡಿಗಳು ಜೇನುಹುಟ್ಟು ತರುತ್ತಿದ್ದವು. ನೀರುನಾಯಿಗಳು ಮೀನು ತರುತ್ತಿದ್ದವು. ಕಾಟಿಗಳು ಹಣ್ಣು ತುಂಬಿದ ಕೊಂಬೆಗಳನ್ನು ಎಳೆದು ತರುತ್ತಿದ್ದವು. ನಾಜೂಕಯ್ಯ ಬಂಡೆಯ ಮೇಲೆ ಕೂತು ಎಲ್ಲವನ್ನೂ ತೆಗೆದುಕೊಳ್ಳುತ್ತಿದ್ದ. ಅವನ ಹೊಟ್ಟೆ ನೆಲಕ್ಕೆ ತಾಗುವಷ್ಟು ಬೆಳೆಯಿತು. ಅಗೆಯುವವರಿಗೆ ಸಿಗುತ್ತಿದ್ದದ್ದು ಒಣಗಿದ ಗೆಡ್ಡೆ, ಮೇಲೊಂದು ಚೂರು ಉಪ್ಪುಮಣ್ಣು.

ಆದರೂ ಅವರ ಬದುಕಿನಲ್ಲಿ ನಗು ಪೂರ್ತಿ ಬತ್ತಿರಲಿಲ್ಲ. ಬೇಲಿಯ ಹೊರಗೆ, ಗುಡ್ಡದ ಬುಡದಲ್ಲೇ ಇದ್ದ ಅತ್ತಿಮರದ ಸುತ್ತ ಎಲ್ಲರ ಬಿಲಗಳೂ ಗುಂಪಾಗಿದ್ದವು. ಒಬ್ಬರ ಮಗು ಅತ್ತರೆ ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು. ಮುಳ್ಳುಹಂದಿ ಮುಳ್ಳಪ್ಪ ಗುರ್ರಪ್ಪನ ನಡಿಗೆಯನ್ನು ಅಣಕಿಸಿ ತೋರಿಸುತ್ತಿದ್ದ. ಕಾಡುಹಂದಿ ಕೋರೆಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಕೋರೆಪ್ಪನಷ್ಟು ಚೆನ್ನಾಗಿ ಅಗೆಯುವವರು ಗುಡ್ಡದಲ್ಲಿ ಮತ್ತೊಬ್ಬರಿರಲಿಲ್ಲ. ಅವನ ಹೆಂಡತಿ ಮಸಿಯಕ್ಕ ಚಿಪ್ಪವ್ವನಿಗೆ ಒಡಹುಟ್ಟಿದವಳ ಹಾಗಿದ್ದಳು.

ಸುರಂಗ ಆಳವಾದಷ್ಟೂ ಚಿಪ್ಪವ್ವನಿಗೆ ಭಯ ಹೆಚ್ಚಾಯಿತು. ಮೇಲಿನಿಂದ ಸಣ್ಣ ಕಲ್ಲುಗಳು ಆಗಾಗ ಪಟಪಟ ಉದುರುತ್ತಿದ್ದವು. ಒಂದು ಸಲ ಧೈರ್ಯ ಮಾಡಿ ಅವಳು ನಾಜೂಕಯ್ಯನ ಹತ್ತಿರ ಹೋದಳು.

“ಧಣಿ, ಒಳಗೆ ಮಣ್ಣು ಸಡಿಲಾಗಿದೆ. ಆಸರೆಗೆ ನಾಲ್ಕು ಗಟ್ಟಿ ಮರದ ಗಳ ನಿಲ್ಲಿಸಿದರೆ ಒಳ್ಳೆಯದು.”

“ಗಳ ಕಡಿಯುತ್ತ ಕೂತರೆ ಉಪ್ಪು ಯಾವಾಗ ತೆಗೆಯುತ್ತೀ?” ಎಂದು ಪಕ್ಕದಲ್ಲಿದ್ದ ಗುರ್ರಪ್ಪ ಗದರಿದ. ಚಿಪ್ಪವ್ವ ಅಲ್ಲೇ ಮೈ ಸುತ್ತಿಕೊಂಡುಬಿಟ್ಟಳು. ಕತ್ತೆಕಿರುಬಗಳೆಲ್ಲ ಕಿಸಕ್ಕೆಂದು ನಕ್ಕವು.

ಅದಾದ ಮೇಲೆ ಹೆಚ್ಚು ಕಾಲವೇನೂ ಹೋಗಲಿಲ್ಲ. ಒಂದು ಮಧ್ಯಾಹ್ನ ಸುರಂಗದ ಚಾವಣಿ ಕುಸಿಯಿತು. ಎಲ್ಲರೂ ಹೊರಗೆ ಓಡಿದರು. ಹಿಂದೆ ಉಳಿದ ಮೊಲವೊಂದನ್ನು ಮುಂದಕ್ಕೆ ದೂಡಲು ಹೋಗಿ ಕೋರೆಪ್ಪ ಸಿಕ್ಕಿಕೊಂಡ. ಅವನ ಚೀರಾಟ ಮಣ್ಣಿನ ಒಳಗಿನಿಂದ ಕೀರಲಾಗಿ ಕೇಳಿಸಿತು. ಚಿಪ್ಪವ್ವ, ಮುಳ್ಳಪ್ಪ ಎಲ್ಲ ಸೇರಿ ಮಣ್ಣು ಬಗೆದು ಅವನನ್ನು ಎಳೆದು ತಂದರು. ಜೀವ ಉಳಿಯಿತು. ಹಿಂಗಾಲು ಮಾತ್ರ ಜಜ್ಜಿಹೋಗಿತ್ತು.

ನಾಜೂಕಯ್ಯ ಬಂದು ನೋಡಿದ. “ಚೊಚ್ಚೊಚ್ಚೊ, ಪಾಪ!” ಎಂದು ಕಣ್ಣು ಒರೆಸಿಕೊಂಡ. ಮರುದಿನದಿಂದಲೇ ಕೋರೆಪ್ಪನ ಪಾಲು ನಿಂತುಹೋಯಿತು. ಮಸಿಯಕ್ಕ ಕೇಳಲು ಹೋದಾಗ ಗುರ್ರಪ್ಪ ಹೇಳಿದ, “ಕೆಲಸಕ್ಕೆ ಬಾರದವನಿಗೆ ಪಾಲು ಎಲ್ಲಿಂದ ಬರುತ್ತೆ?”

ಕುಸಿದ ಸುರಂಗದ ಪಕ್ಕದಲ್ಲಿ ಒಂದು ಕಿರಿದಾದ ಬಿರುಕು ಕಾಣಿಸಿಕೊಂಡಿತ್ತು. ಅದರ ಒಳಗೆ ಬೆಳ್ಳಗೆ ಉಪ್ಪು ಹೊಳೆಯುತ್ತಿತ್ತು. ದೊಡ್ಡವರು ಅದರಲ್ಲಿ ತೂರುವಂತಿರಲಿಲ್ಲ. ನಾಜೂಕಯ್ಯ ಆ ಬಿರುಕಿನ ಮುಂದೆ ತುಂಬ ಹೊತ್ತು ನಿಂತ. ಆಮೇಲೆ ಎಲ್ಲರನ್ನೂ ಕರೆದು ಹೇಳಿದ.

“ಮಕ್ಕಳು ಸುಮ್ಮನೆ ಆಡಿಕೊಂಡಿರುತ್ತವೆ. ಇದರೊಳಗೆ ಹೋಗಿ ಬರಲಿ. ಅವಕ್ಕೂ ಆಟ, ನಮಗೂ ಉಪ್ಪು. ಬರುವ ಸೋಮವಾರದಿಂದ ಪ್ರತಿ ಮನೆಯ ಮರಿಯೂ ಕೆಲಸಕ್ಕೆ ಬರಬೇಕು.”

ಚಿಪ್ಪವ್ವನ ಬಾಲದ ಮೇಲೆ ಕೂತಿದ್ದ ಸುರುಳಿ ಕೇಳಿದಳು, “ಅವ್ವಾ, ಆ ತೂತಿನೊಳಗೆ ನಾನು ಹೋಗಬೇಕಾ? ಅಲ್ಲಿ ಕತ್ತಲಲ್ವಾ?”

ಚಿಪ್ಪವ್ವ ಮಗಳನ್ನು ಮಸಿಯಕ್ಕನ ಹತ್ತಿರ ಬಿಟ್ಟು, ಒಬ್ಬಳೇ ನಾಜೂಕಯ್ಯನ ಬಂಡೆಯ ಬಳಿಗೆ ಹೋದಳು. ಅವನು ಜೇನುಹುಟ್ಟು ಚೀಪುತ್ತ ಕೂತಿದ್ದ.

“ಬಾರಮ್ಮ ಚಿಪ್ಪವ್ವ, ಬಾ. ಏನು ಬಂದದ್ದು?”

“ಧಣಿ, ನಿಮ್ಮ ಕಾಲಿಗೆ ಬೀಳ್ತೀನಿ. ಮಕ್ಕಳನ್ನು ಒಳಗೆ ಬಿಡಬೇಡಿ. ಕೋರೆಪ್ಪನ ಗತಿ ನೋಡಿದ್ದೀರಲ್ಲ?”

ನಾಜೂಕಯ್ಯ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ನನಗೂ ಕರುಳಿಲ್ಲವೇನಮ್ಮ? ನಿನ್ನ ಸುರುಳಿ ಬರುವುದು ಬೇಡ. ನೀನೂ ಇನ್ನು ಅಗೆಯಬೇಡ. ನಿನ್ನನ್ನು ಮೇಸ್ತ್ರಿ ಮಾಡುತ್ತೇನೆ. ನಿನಗೇ ಅಂತ ಒಂದು ಹುತ್ತ ಬಿಟ್ಟುಕೊಡುತ್ತೇನೆ. ಉಳಿದವರ ಮರಿಗಳನ್ನು ಪುಸಲಾಯಿಸಿ ಒಳಗೆ ಕಳಿಸುವುದು, ಅಷ್ಟೇ ನಿನ್ನ ಕೆಲಸ. ಇಡೀ ಗುಡ್ಡದಲ್ಲಿ ನಿನ್ನೊಬ್ಬಳ ಮೇಲೆಯೇ ನನಗೆ ನಂಬಿಕೆ. ಈ ಮಾತು ನಮ್ಮಿಬ್ಬರಲ್ಲೇ ಇರಲಿ, ಹಾಂ?”

ಚಿಪ್ಪವ್ವ ತಲೆ ತಗ್ಗಿಸಿಕೊಂಡು ಹೊರಟಳು. ಮನಸ್ಸು ಎರಡು ದಿಕ್ಕಿಗೆ ಎಳೆಯುತ್ತಿತ್ತು. ಮಗಳು ಉಳಿಯುತ್ತಾಳೆ. ಹುತ್ತ ಸಿಗುತ್ತದೆ. ಇಷ್ಟು ವರ್ಷ ಸವೆದ ಉಗುರಿಗೂ ಬಿಡುವು. ಒಪ್ಪಿಕೊಂಡರೆ ತಪ್ಪೇನು? ಯಾವ ತಾಯಿ ತಾನೆ ಬೇಡ ಎನ್ನುತ್ತಾಳೆ? ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತ ಹಳ್ಳದ ದಂಡೆಗೆ ಬಂದಳು.

ಅಲ್ಲಿ ಮಸಿಯಕ್ಕ ತನ್ನ ಮರಿಗಳ ಮೈ ತೊಳೆಯುತ್ತಿದ್ದಳು. ಸುರುಳಿಯೂ ಅವುಗಳ ನಡುವೆ ಇದ್ದಳು. ಮಸಿಯಕ್ಕ ತನ್ನ ಮರಿಗಳನ್ನು ಉಜ್ಜಿದಷ್ಟೇ ಅಕ್ಕರೆಯಿಂದ ಸುರುಳಿಯ ಪುಟ್ಟ ಚಿಪ್ಪುಗಳ ಸಂದಿಯ ಮಣ್ಣನ್ನು ಮೂತಿಯಿಂದ ತೆಗೆಯುತ್ತಿದ್ದಳು. “ಕೂಸೇ, ಒಳಗೆ ಹೋದಾಗ ಕಲ್ಲು ಉದುರೋ ಸದ್ದು ಕೇಳಿದರೆ ಹಿಂದೆ ತಿರುಗಿ ನೋಡದೆ ಓಡಿ ಬಾ” ಎಂದು ಕಲಿಸುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು.

ಚಿಪ್ಪವ್ವನ ಕಾಲು ಅಲ್ಲೇ ನಿಂತಿತು. ಈ ಮರಿಗಳನ್ನೇ ಅಲ್ಲವೇ ತಾನು ಪುಸಲಾಯಿಸಬೇಕಾದದ್ದು?

ರಾತ್ರಿ ಅತ್ತಿಮರದ ಕೆಳಗೆ ಎಲ್ಲರೂ ಸೇರಿದಾಗ ಅವಳು ಎದ್ದು ನಿಂತಳು. ಗುಂಪಿನಲ್ಲಿ ಮಾತಾಡಿ ಅವಳಿಗೆ ಅಭ್ಯಾಸವೇ ಇರಲಿಲ್ಲ. ಆದರೂ ನಾಜೂಕಯ್ಯ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. “ನಾನು ಬೇಡ ಅನ್ನಲಿಲ್ಲ” ಎಂದೂ ಹೇಳಿದಳು. “ದಾರಿಯುದ್ದಕ್ಕೂ ಒಪ್ಪಿಕೊಳ್ಳೋಣ ಅಂತಲೇ ಬಂದೆ. ನಿಮ್ಮ ಮುಖ ನೋಡಿದ ಮೇಲೆ ಆಗಲಿಲ್ಲ.”

ಆಗ ಮುಳ್ಳಪ್ಪನ ಮುಳ್ಳುಗಳು ಒಂದೊಂದಾಗಿ ಕೆಳಗೆ ಬಾಗಿದವು.

“ಅಕ್ಕಾ, ನನಗೂ ಅದನ್ನೇ ಹೇಳಿದ” ಎಂದ ಅವನು. “ಇಡೀ ಗುಡ್ಡದಲ್ಲಿ ನಿನ್ನೊಬ್ಬನ ಮೇಲೆಯೇ ನಂಬಿಕೆ ಅಂದ.”

“ಅಯ್ಯೋ, ನನಗೂ!” ಎಂದಳು ಮಸಿಯಕ್ಕ. “ಗಂಡನ ಪಾಲು ಮತ್ತೆ ಕೊಡ್ತೀನಿ, ಯಾರಿಗೂ ಹೇಳಬೇಡ ಅಂದ. ನಾನು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ.”

“ನನಗೂ” ಎಂದಿತು ಮೊಲ. “ನನಗೂ” ಎಂದಿತು ಮರದ ಹಿಂದಿನಿಂದ ಇನ್ನೊಂದು ದನಿ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವನು ಕೋರೆಪ್ಪ. ಕಾಲಿನ ನೋವಿನಲ್ಲೂ ಅವನಿಗೆ ನಗು ತಡೆಯಲಾಗಲಿಲ್ಲ. “ಎಲ್ಲರೂ ಮೇಸ್ತ್ರಿಗಳಾದರೆ ಅಗೆಯುವವರು ಯಾರ್ರಪ್ಪಾ?” ಎಂದ. ಅತ್ತಿಮರದ ಕೆಳಗೆ ನಗೆಯ ಹೊಳೆಯೇ ಹರಿಯಿತು. ನಗು ನಿಂತ ಮೇಲೆ ಅವರು ಬಹಳ ಹೊತ್ತು ಮಾತಾಡಿದರು.

ಬೆಳಗಾಯಿತು. ಗುರ್ರಪ್ಪ ದಿಮ್ಮಿ ಬಡಿದ. ಒಬ್ಬರೂ ಏಳಲಿಲ್ಲ. ಇನ್ನೊಮ್ಮೆ ಬಡಿದ. ಅತ್ತಿಮರದ ಕೆಳಗೆ ಎಲ್ಲರೂ ಒತ್ತೊತ್ತಾಗಿ ಕೂತೇ ಇದ್ದರು. ಗುರ್ರಪ್ಪ ಹಲ್ಲು ಕಿರಿದು ಓಡಿ ಬಂದು, ಚಿಪ್ಪವ್ವನ ಮುಖದ ಹತ್ತಿರ ನಿಂತು ಗುರ್ರೆಂದ. ಚಿಪ್ಪವ್ವನ ಮೈ ತಾನಾಗಿಯೇ ಸುತ್ತಿಕೊಳ್ಳತೊಡಗಿತು. ಆಗ ಒಂದು ಪಕ್ಕದಲ್ಲಿ ಮಸಿಯಕ್ಕ ಒತ್ತಿ ಕೂತಳು. ಇನ್ನೊಂದು ಪಕ್ಕದಲ್ಲಿ ಮುಳ್ಳಪ್ಪ ಮುಳ್ಳು ನಿಮಿರಿಸಿದ. ಚಿಪ್ಪವ್ವ ನಿಧಾನವಾಗಿ ಮೈ ಬಿಚ್ಚಿದಳು.

“ಧಣಿಗೆ ಹೇಳು ಗುರ್ರಪ್ಪ” ಎಂದಳು. “ಸುರಂಗಕ್ಕೆ ಆಸರೆಯ ಗಳ ಬೇಕು. ಮಕ್ಕಳು ಒಳಗೆ ಬರುವುದಿಲ್ಲ. ಪೆಟ್ಟು ತಿಂದವರ ಪಾಲು ನಿಲ್ಲಬಾರದು. ಹೊತ್ತು ನೆತ್ತಿಗೆ ಬಂದು ಸ್ವಲ್ಪ ವಾಲಿದ ಮೇಲೆ ಕೆಲಸ ಮುಗಿಯಬೇಕು. ಇಷ್ಟಾಗುವವರೆಗೆ ನಾವು ಅಗೆಯುವುದಿಲ್ಲ.”

ನಾಜೂಕಯ್ಯ ಸುದ್ದಿ ಕೇಳಿ ನಕ್ಕ. “ಹಸಿವಾದರೆ ತಾವೇ ಬರುತ್ತಾರೆ ಬಿಡು” ಎಂದ.

ಹಸಿವಂತೂ ಆಯಿತು. ಗೆಡ್ಡೆ ಬೇಕೆಂದರೆ ಬೇಲಿಯಿಂದ ಎಷ್ಟೋ ದೂರ ಹೋಗಬೇಕಿತ್ತು. ಸಿಕ್ಕಿದ್ದನ್ನೆಲ್ಲ ತಂದು ಅತ್ತಿಮರದ ಬುಡದಲ್ಲಿ ರಾಶಿ ಹಾಕುತ್ತಿದ್ದರು. ಮೊದಲು ಮರಿಗಳಿಗೆ, ಆಮೇಲೆ ಕೋರೆಪ್ಪನಿಗೆ, ಕೊನೆಗೆ ಉಳಿದವರಿಗೆ. ಚಿಪ್ಪವ್ವನೂ ದೂರದ ಹುತ್ತದಿಂದ ಎಲೆಯ ತುಂಬ ಗೆದ್ದಲು ತಂದಿಟ್ಟಳು. ಮುಳ್ಳಪ್ಪ ಅದನ್ನು ಮೂಸಿ ನೋಡಿ ಮುಖ ಹಿಂಡಿದ. “ಅಕ್ಕಾ, ನಿನ್ನ ಮನಸ್ಸು ದೊಡ್ಡದು. ಊಟ ಮಾತ್ರ ನೀನೇ ಇಟ್ಟುಕೋ” ಎಂದ. ಹಸಿದ ಹೊಟ್ಟೆಯಲ್ಲೂ ಎಲ್ಲರೂ ನಕ್ಕರು.

ಆದರೆ ಉಪ್ಪಿಲ್ಲದೆ ಮರಿಗಳು ಸೊರಗಿದವು. ಒಂದು ದಿನ ಬಾಣಂತಿ ಮೊಲವೊಂದು ಮೆಲ್ಲಗೆ ಎದ್ದು ಬೇಲಿಯ ಕಡೆ ನಡೆಯಿತು. ಮುಳ್ಳಪ್ಪ ಸಿಟ್ಟಿನಿಂದ ಕೂಗಲು ಹೋದ. ಚಿಪ್ಪವ್ವ ತಡೆದಳು.

“ಬೈಬೇಡ ಕಣೋ. ಹಾಲು ಬತ್ತಿದ ತಾಯಿ ಅವಳು. ನಾಳೆ ವಾಪಸ್ ಬರಬೇಕು ಅನ್ನಿಸಿದರೆ ಬರುವ ಹಾಗಿರಬೇಕು.”

ಮೊಲ ಹಿಂತಿರುಗಿ ನೋಡದೆ ಹೋಯಿತು. ಚಿಪ್ಪವ್ವ ಸುರುಳಿಯನ್ನು ಎದೆಗೆ ಅವುಚಿಕೊಂಡಳು. ತಾನು ಎಲ್ಲರನ್ನೂ ಹಾಳು ಮಾಡುತ್ತಿದ್ದೇನೋ ಎಂಬ ಸಂಶಯ ಆ ದಿನ ಅವಳನ್ನು ಹಿಂಡಿತು.

ಇತ್ತ ನಾಜೂಕಯ್ಯನಿಗೂ ಚಡಪಡಿಕೆ ಶುರುವಾಗಿತ್ತು. ಬೇಸಿಗೆ ಬಂದಿತ್ತು. ಕಾಟಿಗಳ ಹಿಂಡು ಉಪ್ಪಿಗಾಗಿ ಹೊರಟಿದೆ ಎಂದು ಕಾಗೆಗಳು ಸುದ್ದಿ ತಂದಿದ್ದವು. ಇಟ್ಟಿದ್ದ ಉಪ್ಪು ಮುಗಿದಿತ್ತು. ಹಾಗಾಗಿ ಅವನು ನದಿ ದಾಟಿ ಹೋದ. ಅಲ್ಲಿಯ ಕಾಡು ಕಾಳ್ಗಿಚ್ಚಿನಲ್ಲಿ ಸುಟ್ಟು ಬೂದಿಯಾಗಿತ್ತು. ಮನೆಮಠ ಕಳೆದುಕೊಂಡ ಹೆಗ್ಗಣಗಳ ಒಂದು ದೊಡ್ಡ ಕುಟುಂಬ ದಂಡೆಯಲ್ಲಿ ದಿಕ್ಕುಗೆಟ್ಟು ಕೂತಿತ್ತು. ಅವರ ಹಿರಿಯಳು ದೂಳಜ್ಜಿ.

“ಅಯ್ಯೋ ಅಜ್ಜಿ!” ಎಂದ ನಾಜೂಕಯ್ಯ. “ನನ್ನ ಗುಡ್ಡದಲ್ಲಿ ಬೇಕಾದಷ್ಟು ಕೆಲಸ, ಬೇಕಾದಷ್ಟು ಊಟ. ಮೊದಲು ಇದ್ದವರಿಗೆ ಕೆಟ್ಟ ರೋಗ ಬಂದು ಮೂಲೆ ಹಿಡಿದಿದ್ದಾರೆ. ಅತ್ತಿಮರದ ಕೆಳಗೆ ಬಿದ್ದಿರುತ್ತಾರೆ. ಹತ್ತಿರ ಹೋಗಬೇಡಿ, ಮಾತಾಡಿಸಬೇಡಿ. ಅವರ ಉಸಿರು ತಾಗಿದರೂ ರೋಗ ಅಂಟುತ್ತದೆ.”

ಹೆಗ್ಗಣಗಳು ಅವನ ಹಿಂದೆ ಬಂದವು. ದಾರಿಯಲ್ಲೇ ಮುಂದೆ ಓಡಿ ಬಂದ ಗುರ್ರಪ್ಪ ಅತ್ತಿಮರದ ಹತ್ತಿರ ನಿಂತು ಕೂಗಿದ, “ಹೊಸಬರು ಬರುತ್ತಿದ್ದಾರೆ, ಹುಷಾರು! ಮರಿಗಳನ್ನು ಕದ್ದು ತಿನ್ನುವ ಕಳ್ಳರು ಅವರು!”

ಕಾಡುಹಂದಿಗಳ ರಕ್ತ ಕುದಿಯಿತು. “ನಮ್ಮ ಅನ್ನ ಕಿತ್ತುಕೊಳ್ಳಲು ಬಂದಿದ್ದಲ್ಲದೆ ಮರಿಗಳಿಗೂ ಕೈ ಹಾಕ್ತಾರಾ? ನುಗ್ಗಿ ತುಳಿದು ಹಾಕೋಣ!” ಎಂದು ಎದ್ದು ನಿಂತವು.

ಚಿಪ್ಪವ್ವ ಅವುಗಳಿಗೆ ಅಡ್ಡ ನಿಂತಳು. “ಈ ಮಾತು ಹೇಳಿದ್ದು ಯಾರು? ಗುರ್ರಪ್ಪ. ಅವನ ಮಾತು ಕೇಳಿ ಇವತ್ತಿನವರೆಗೆ ಯಾರಿಗೆ ಒಳ್ಳೆಯದಾಗಿದೆ? ಮೊದಲು ನಾನು ಹೋಗಿ ನೋಡಿ ಬರ್ತೀನಿ.”

ಅವಳು ಹಳ್ಳದ ದಂಡೆಯಲ್ಲಿ ಕಾದು ನಿಂತಳು. ಚುಕ್ಕಿ ಮೂಡುವ ಹೊತ್ತಿಗೆ ಹೆಗ್ಗಣಗಳು ಕೆಲಸ ಮುಗಿಸಿ ಹಳ್ಳಕ್ಕೆ ನೀರು ಕುಡಿಯಲು ಬಂದವು. ಚಿಪ್ಪವ್ವನನ್ನು ಕಂಡ ಕೂಡಲೇ ಎಲ್ಲ ಹಿಂದಕ್ಕೆ ಸರಿದವು. ದೂಳಜ್ಜಿ ಮೊಮ್ಮಕ್ಕಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

“ಹತ್ತಿರ ಬರಬೇಡ ತಾಯಿ! ನಿಮಗೆ ರೋಗ ಇದೆಯಂತಲ್ಲ!”

“ರೋಗವಾ? ಯಾವ ರೋಗ?” ಚಿಪ್ಪವ್ವ ದಂಗಾಗಿ ನಿಂತಳು. ಆಮೇಲೆ ಅಲ್ಲೇ ಕೂತಳು. “ಇಲ್ಲಿಂದಲೇ ಮಾತಾಡ್ತೀನಿ ಅಜ್ಜಿ. ನೀವೂ ಅಲ್ಲಿಂದಲೇ ಕೇಳಿ.”

ಹಳ್ಳದ ಆಚೆ ದಡ ಈಚೆ ದಡ ಕೂತು ಇಬ್ಬರೂ ಮಾತಾಡಿದರು. ಚಿಪ್ಪವ್ವ ಕುಸಿದ ಸುರಂಗದ ಕತೆ ಹೇಳಿದಳು. ಕೋರೆಪ್ಪನ ಕಾಲಿನ ಕತೆ ಹೇಳಿದಳು. ಕಿರಿದಾದ ಬಿರುಕಿನ ಮಾತು ಬಂದಾಗ ದೂಳಜ್ಜಿ ನೀರಿನ ಅಂಚಿಗೇ ಬಂದಳು.

“ಇವತ್ತು ನನ್ನ ಮೊಮ್ಮಗಳನ್ನು ಅದರೊಳಗೇ ಇಳಿಸಿದರು” ಎಂದಳು. “ಮೇಲಿನಿಂದ ಕಲ್ಲು ಪಟಪಟ ಬೀಳ್ತಿದೆ ಅಜ್ಜಿ ಅಂದಳು. ಮಳೆ ಬರ್ತಿದೆ ಅಂತ ಹೇಳು ಎಂದು ಆ ನರಿ ನಕ್ಕ.”

“ಮತ್ತೆ ಕಳಿಸಬೇಡಿ. ಅದು ಚಾವಣಿ ಬೀಳುವ ಮುಂಚಿನ ಸದ್ದು.”

ದೂಳಜ್ಜಿ ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಹೇಳಿದಳು, “ನೀವು ಕೆಲಸ ಬಿಟ್ಟು ಕೂತರೆ ನಿಮಗೆ ಅತ್ತಿಮರವಾದರೂ ಇದೆ. ನಮಗೆ ತಿರುಗಿ ಹೋಗಲು ಒಂದು ಹುಲ್ಲುಕಡ್ಡಿಯೂ ಉಳಿದಿಲ್ಲ. ನಾವೇನು ಮಾಡಬೇಕು ಹೇಳು ತಾಯಿ.”

ಅದು ನಿಜವಾಗಿತ್ತು. ಚಿಪ್ಪವ್ವನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. “ನಮ್ಮಲ್ಲೂ ಹೆಚ್ಚೇನಿಲ್ಲ ಅಜ್ಜಿ. ಇದ್ದದ್ದರಲ್ಲಿ ಹಂಚಿಕೊಳ್ಳೋಣ. ಬನ್ನಿ” ಎಂದಳು.

ಹೆಗ್ಗಣಗಳ ದಂಡು ಅತ್ತಿಮರದ ಹತ್ತಿರ ಬಂದಾಗ ಕಾಡುಹಂದಿಗಳು ಮುಖ ತಿರುಗಿಸಿದವು. ನಮಗೇ ಸಾಲದು, ಇವರಿಗೆಲ್ಲಿಂದ ಎಂದು ಗೊಣಗಿದವು. ಆಗ ಕೋರೆಪ್ಪ ಕುಂಟುತ್ತ ಪಕ್ಕಕ್ಕೆ ಸರಿದು ಜಾಗ ಮಾಡಿದ.

“ಅಜ್ಜಿ, ಮರಿಗಳನ್ನು ಇಲ್ಲಿ ಮಲಗಿಸಿ. ನಾನು ಎಲ್ಲಿಗೂ ಓಡಿಹೋಗುವವನಲ್ಲ, ಕಾವಲಿರ್ತೀನಿ” ಎಂದ. ಅವನ ಮಾತಿನ ಮೇಲೆ ಯಾರೂ ಎದುರಾಡಲಿಲ್ಲ. ಹೆಗ್ಗಣಗಳ ಜೊತೆ ಬಾಣಂತಿ ಮೊಲವೂ ತಲೆ ತಗ್ಗಿಸಿಕೊಂಡು ಬಂದಿತ್ತು. ಮಸಿಯಕ್ಕ ಏನೂ ಕೇಳದೆ ಅದರ ಮುಂದೆ ಒಂದು ಗೆಡ್ಡೆ ಇಟ್ಟಳು.

ಮರುದಿನ ಕಾಟಿಗಳ ಹಿಂಡು ಬಂತು. ನೆಲ ಅದುರಿತು. ಹಿಂಡಿನ ಹಿರಿಯಳು ಹಿರೇಕಾಟಿ ಬೇಲಿಯ ಮುಂದೆ ನಿಂತು, “ಎಲ್ಲಯ್ಯಾ ಉಪ್ಪು?” ಎಂದಳು.

ನಾಜೂಕಯ್ಯ ಕಣ್ಣಲ್ಲಿ ನೀರು ತಂದುಕೊಂಡ. “ಏನು ಹೇಳಲಿ ತಾಯಿ! ಹಗಲಿಡೀ ನಾನೊಬ್ಬನೇ ಅಗೆಯುತ್ತೇನೆ. ಈ ಸೋಮಾರಿಗಳು ಕೂತು ತಿನ್ನುತ್ತಾರೆ. ಈಗ ದಂಗೆ ಎದ್ದಿದ್ದಾರೆ. ನೀವೊಮ್ಮೆ ಅತ್ತಿಮರದ ಕಡೆ ನುಗ್ಗಿದರೆ ಸಾಕು, ಎಲ್ಲ ಸರಿಹೋಗುತ್ತದೆ.”

ಹಿರೇಕಾಟಿ ಅತ್ತಿಮರದ ಕಡೆ ನಡೆದಳು. ಇಡೀ ಹಿಂಡು ಹಿಂಬಾಲಿಸಿತು. ನಾಜೂಕಯ್ಯ ಕುಣಿಯುತ್ತ ಹಿಂದೆ ಬಂದ. ಬೆಟ್ಟದಂಥ ಕಾಟಿಯ ಮುಂದೆ ಚಿಪ್ಪವ್ವ ಹಿಡಿಯಷ್ಟು ಕಾಣುತ್ತಿದ್ದಳು. ಆದರೂ ಮುಂದೆ ಬಂದು ನಿಂತಳು.

“ತುಳಿಯುವುದಾದರೆ ತುಳಿಯಿರಿ ತಾಯಿ. ಅದಕ್ಕೆ ಮೊದಲು ನಮ್ಮ ಉಗುರು ನೋಡಿ. ಅವನ ಉಗುರೂ ನೋಡಿ. ಅಗೆದವರು ಯಾರು ಅಂತ ನೀವೇ ಹೇಳಿ.”

ಹಿರೇಕಾಟಿ ಬಗ್ಗಿ ನೋಡಿದಳು. ಚಿಪ್ಪವ್ವನ ಉಗುರು ಬುಡದವರೆಗೆ ಸವೆದಿತ್ತು. ನಾಜೂಕಯ್ಯ ತನ್ನ ಪಂಜಗಳನ್ನು ಹೊಟ್ಟೆಯ ಕೆಳಗೆ ಮುಚ್ಚಿಕೊಂಡ. ಅವನ ಉಗುರು ಉದ್ದವಾಗಿ ಬೆಳೆದು, ಜೇನಿನಲ್ಲಿ ಮಿಂಚುತ್ತಿತ್ತು.

“ಸುಳ್ಳು ತಾಯಿ, ಅವರ ಹತ್ತಿರ ಹೋಗಬೇಡಿ, ರೋಗವಿದೆ!” ಎಂದು ಕಿರುಚಿದ.

“ನಮಗೂ ಅದನ್ನೇ ಹೇಳಿದ” ಎಂದಳು ದೂಳಜ್ಜಿ. “ಇವರ ಜೊತೆ ಮಲಗೆದ್ದಿದ್ದೇವೆ, ಏನೂ ಆಗಿಲ್ಲ.”

“ಇವರನ್ನು ಮರಿಗಳ್ಳರು ಅಂತ ನಮಗೆ ಹೇಳಿಸಿದ” ಎಂದ ಮುಳ್ಳಪ್ಪ. “ನಿನ್ನೆ ನಮ್ಮ ಮರಿಗಳನ್ನು ಮಲಗಿಸಿದ್ದೇ ಈ ಅಜ್ಜಿ.”

“ನಮ್ಮೆಲ್ಲರನ್ನೂ ಒಬ್ಬೊಬ್ಬರನ್ನೇ ಕರೆದು ಮೇಸ್ತ್ರಿ ಮಾಡಿದ!” ಎಂದಳು ಮಸಿಯಕ್ಕ.

ಒಬ್ಬೊಬ್ಬರೂ ತಮಗೆ ಹೇಳಿದ್ದನ್ನು ಹೇಳತೊಡಗಿದರು. ಬಚ್ಚಿಟ್ಟ ಸುಳ್ಳುಗಳೆಲ್ಲ ಒಂದೇ ಕಡೆ ಬಂದು ಬಿದ್ದವು. ನಾಜೂಕಯ್ಯ ಒಂದನ್ನು ಮುಚ್ಚಲು ಹೋದರೆ ಇನ್ನೊಂದು ತೆರೆದುಕೊಳ್ಳುತ್ತಿತ್ತು.

“ಸಾಕು ಬಿಡಿ!” ಎಂದು ಅವನು ಅರಚಿದ. “ಇವರಿಲ್ಲದಿದ್ದರೆ ಉಪ್ಪು ಬರುವುದಿಲ್ಲವೇ? ಗುರ್ರಪ್ಪಾ, ಒಳಗೆ ಹೋಗಿ ಅಗೆದು ತಾ!”

ಗುರ್ರಪ್ಪ ಸುರಂಗದ ಬಾಯಿಯನ್ನು ನೋಡಿದ. ಬಾಲ ಮುದುರಿದ. “ಅಲ್ಲಿಗೆ ನಾನು ಹೋಗಲ್ಲ ಧಣಿ. ಅದು ಬೀಳುತ್ತೆ” ಎಂದು ಹೇಳಿ, ತನ್ನ ಜನರನ್ನು ಕರೆದುಕೊಂಡು ಕಾಡಿನೊಳಗೆ ಕಾಲ್ಕಿತ್ತ.

ನಾಜೂಕಯ್ಯನಿಗೆ ಸಿಟ್ಟು ನೆತ್ತಿಗೇರಿತು. ಓಡಿಹೋಗಿ ತಾನೇ ಸುರಂಗಕ್ಕೆ ನುಗ್ಗಿದ. ಉಳಿದವರು ಸುರಂಗದ ಬಾಯಿಯವರೆಗೆ ಹಿಂದೆ ಬಂದರು. ಒಳಗಿನಿಂದ ಪರಪರ ಕೆರೆಯುವ ಸದ್ದು ಕೇಳಿತು. ಆಮೇಲೆ ಪಟಪಟ ಸದ್ದು. ಚಿಪ್ಪವ್ವ, “ಹೊರಗೆ ಬಾ! ಹೊರಗೆ ಬಾ!” ಎಂದು ಕೂಗುವಷ್ಟರಲ್ಲಿ ಚಾವಣಿ ದಬಕ್ಕನೆ ಬಿತ್ತು. ಧೂಳು ಮೇಲೆದ್ದಿತು. ಮಣ್ಣಿನ ಒಳಗಿನಿಂದ ಸಣ್ಣಗೆ ಕೀರಲು ದನಿ ಬಂತು.

“ಇರಲಿ ಬಿಡಿ” ಎಂದಿತು ಒಂದು ಕಾಡುಹಂದಿ. “ಅವನ ಗುಡ್ಡ, ಅವನೇ ಇಟ್ಟುಕೊಳ್ಳಲಿ.”

ಎಲ್ಲರೂ ಚಿಪ್ಪವ್ವನ ಮುಖ ನೋಡಿದರು. ಅವಳ ಮನಸ್ಸಿನಲ್ಲೂ ಒಂದು ಗಳಿಗೆ ಅದೇ ಮಾತು ಸುಳಿಯಿತು. ಆದರೆ ಆ ಕೀರಲು ದನಿ ಕೋರೆಪ್ಪನ ದನಿಯ ಹಾಗೆಯೇ ಇತ್ತು. ಮಣ್ಣಿನ ಅಡಿಯಲ್ಲಿ ಯಾರು ಕೂಗಿದರೂ ಹಾಗೇ ಕೇಳಿಸುತ್ತದೆ.

“ಸಿಕ್ಕಿಕೊಂಡವರನ್ನು ಬಿಟ್ಟು ಹೋಗುವುದು ಅವನ ಬುದ್ಧಿ, ನಮ್ಮದಲ್ಲ. ಅಗೆಯಿರಿ” ಎಂದಳು.

ಅವಳೇ ಮೊದಲು ಉಗುರು ಊರಿದಳು. ಹೆಗ್ಗಣಗಳು ಒಂದು ಕಡೆಯಿಂದ, ಕಾಡುಹಂದಿಗಳು ಇನ್ನೊಂದು ಕಡೆಯಿಂದ ಬಗೆದವು. ಹಿರೇಕಾಟಿ ಮರದ ದಿಮ್ಮಿಗಳನ್ನು ಕೋಡಿನಿಂದ ನೂಕಿ ಆಸರೆ ಕೊಟ್ಟಳು. ನಾಜೂಕಯ್ಯನನ್ನು ಎಳೆದು ಹೊರಗೆ ಹಾಕಿದಾಗ ಅವನ ಮೈಮೇಲೆ ಕೂದಲಿಗಿಂತ ಮಣ್ಣೇ ಹೆಚ್ಚಿತ್ತು. ಏನೋ ಹೇಳಲು ಬಾಯಿ ತೆರೆದ. ಕೆಮ್ಮು ಬಿಟ್ಟರೆ ಬೇರೇನೂ ಬರಲಿಲ್ಲ.

ಹಿರೇಕಾಟಿ ಅವನ ಕಡೆ ತಿರುಗಿಯೂ ನೋಡಲಿಲ್ಲ. “ನಾನು ಕರುವಾಗಿದ್ದಾಗ ಇಲ್ಲಿ ಬೇಲಿ ಇರಲಿಲ್ಲ” ಎಂದಳು. ಎರಡು ಹೆಜ್ಜೆ ಮುಂದೆ ಹೋಗಿ ಕೋಡಿನಿಂದ ಮುಳ್ಳುಬೇಲಿಯನ್ನು ಎತ್ತಿ ಎಸೆದಳು. “ಇನ್ನು ಮೇಲೆ ನಾವು ತರುವುದನ್ನು ಅಗೆಯುವವರ ಕೈಗೇ ಕೊಡ್ತೀವಿ.”

ಆಮೇಲೆ ಗುಡ್ಡದ ಕೆಲಸ ಬೇರೆಯೇ ಆಯಿತು. ಸುರಂಗದ ಉದ್ದಕ್ಕೂ ಗಟ್ಟಿ ಗಳಗಳು ನಿಂತವು. ಆ ಕಿರಿದಾದ ಬಿರುಕನ್ನು ಕಲ್ಲಿಟ್ಟು ಮುಚ್ಚಿದರು. ಕೋರೆಪ್ಪನಿಗೆ ಅವನ ಪಾಲು ಮನೆಗೇ ಬರುತ್ತಿತ್ತು. ಏನು ತೀರ್ಮಾನ ಮಾಡಬೇಕಾದರೂ ಎಲ್ಲರೂ ಕೂತು ಮಾತಾಡುತ್ತಿದ್ದರು. ಜಗಳವೂ ಆಗುತ್ತಿತ್ತು. ಕಾಡುಹಂದಿಗಳಿಗೂ ಹೆಗ್ಗಣಗಳಿಗೂ ಗೆಡ್ಡೆಯ ವಿಷಯದಲ್ಲಿ ಆಗಾಗ ಮಾತು ಬೆಳೆಯುತ್ತಿತ್ತು. ಆದರೆ ಅದು ಅಲ್ಲೇ, ಎಲ್ಲರ ಎದುರಿಗೇ ಮುಗಿಯುತ್ತಿತ್ತು.

ನಾಜೂಕಯ್ಯನನ್ನು ಯಾರೂ ಓಡಿಸಲಿಲ್ಲ. “ಅಗೆದರೆ ನಿನಗೂ ಪಾಲುಂಟು” ಎಂದರು. ಅವನು ಅಗೆಯಲಿಲ್ಲ. ಬದಲಿಗೆ ಮುಳ್ಳಪ್ಪನ ಕಿವಿಯಲ್ಲಿ ಹೇಳಿದ, “ನಿನ್ನನ್ನು ಎಲ್ಲರಿಗಿಂತ ದೊಡ್ಡವನನ್ನಾಗಿ ಮಾಡ್ತೀನಿ, ಯಾರಿಗೂ ಹೇಳಬೇಡ.” ದೂಳಜ್ಜಿಯ ಕಿವಿಯಲ್ಲೂ ಅದನ್ನೇ ಹೇಳಿದ. ಸಂಜೆಯೊಳಗೆ ಅದು ಇಡೀ ಗುಡ್ಡಕ್ಕೆ ಗೊತ್ತಾಗಿ ಮರಿಗಳು ಕೂಡ, “ಯಾರಿಗೂ ಹೇಳಬೇಡ, ಯಾರಿಗೂ ಹೇಳಬೇಡ” ಎಂದು ಅವನ ಹಿಂದೆ ಕುಣಿದವು. ಅವತ್ತೇ ಅವನು ನದಿ ದಾಟಿ ಹೋದ. ಅಲ್ಲಿ ಏಡಿ ಹಿಡಿದು ಹೊಟ್ಟೆ ಹೊರೆಯುತ್ತಿದ್ದಾನೆ, ಏಡಿಗಳು ಅವನ ಮಾತು ಕೇಳುವುದಿಲ್ಲವಂತೆ ಎಂದು ಕಾಗೆಗಳು ಹೇಳಿದವು.

ಮಧ್ಯಾಹ್ನಕ್ಕೇ ಕೆಲಸ ಮುಗಿದ ಮೊದಲನೆಯ ದಿನ ಚಿಪ್ಪವ್ವನಿಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಹಳ್ಳದವರೆಗೆ ಹೋದಳು. ತಿರುಗಿ ಬಂದಳು. ಕೊನೆಗೆ ಬೆಚ್ಚಗಿನ ಬಂಡೆಯೊಂದರ ಮೇಲೆ ಮೈ ಚಾಚಿ ಮಲಗಿದಳು. ಬಿಸಿಲು ಚಿಪ್ಪುಗಳ ಸಂದಿಗೆಲ್ಲ ಇಳಿಯಿತು. ಕೆಳಗೆ ಸುರುಳಿ, ಹೆಗ್ಗಣದ ಮರಿಗಳು, ಹಂದಿಮರಿಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತಿದ್ದವು.

ಮುಳ್ಳಪ್ಪ ಆ ದಾರಿಯಲ್ಲಿ ಬಂದ. “ಏನಕ್ಕಾ ಮಾಡ್ತಿದ್ದೀ?” ಎಂದು ಕೇಳಿದ.

“ಏನೂ ಇಲ್ಲ ಕಣೋ.”

“ಏನೂ ಇಲ್ಲವಾ?”

“ಏನೂ ಇಲ್ಲ.”

ಮುಳ್ಳಪ್ಪ ಬೆಚ್ಚಗಿನ ಬಂಡೆಯನ್ನು ಮೂಸಿ ನೋಡಿದ. ಆಮೇಲೆ ಮುಳ್ಳುಗಳನ್ನು ಅವಳಿಗೆ ತಾಗದ ಹಾಗೆ ಮಡಚಿಕೊಂಡು, “ಸ್ವಲ್ಪ ಸರಿ. ನಾನೂ ಅದನ್ನೇ ಮಾಡ್ತೀನಿ” ಎಂದು ಪಕ್ಕದಲ್ಲಿ ಮಲಗಿದ.

ನೀತಿ: ದುಡಿಯುವವರು ಒಬ್ಬರಿಂದೊಬ್ಬರು ಬೇರೆಯಾಗಿರುವಷ್ಟು ದಿನ ಮಾತ್ರ ವಂಚಕನ ಆಟ ನಡೆಯುತ್ತದೆ, ಅವರು ಮನಸ್ಸು ಬಿಚ್ಚಿ ಮಾತಾಡಿ ಒಟ್ಟಾಗಿ ನಿಂತರೆ ತಮ್ಮ ಹಕ್ಕನ್ನು ಪಡೆಯುತ್ತಾರೆ.